ಅಟ್ಟದ ಮೆಟ್ಟಿಲು, ಕಟಾಂಜನಗಳ ದುರಸ್ತಿ: ಬಡಗಿಯನ್ನು ಕರೆಸುವ ದಂಪತಿಗಳಿಗೆ ಒಂದು ಪಾಠ



ಮಲೆನಾಡಿನ ಹಾಗೂ ಕರಾವಳಿಯ ಅನೇಕ ಹಳೆಯ ಮನೆಗಳಲ್ಲಿ ಅಟ್ಟಕ್ಕೆ ಅಥವಾ ಮಹಡಿಗೆ ಹತ್ತಲು ಮರದ ಮೆಟ್ಟಿಲುಗಳಿರುತ್ತವೆ. ಭತ್ತ, ಅಡಿಕೆ, ತೆಂಗಿನಕಾಯಿಗಳನ್ನು ಹೊತ್ತುಕೊಂಡು ದಿನವೂ ಅವುಗಳ ಮೇಲೆ ಓಡಾಡುತ್ತೇವೆ. ಅಜ್ಜನ ಕಾಲದಲ್ಲಿ ಮಾಡಿಸಿದ ಮೆಟ್ಟಿಲು ಇನ್ನೂ ನಿಂತಿದೆಯೆಂದು ಅದನ್ನು ನಂಬುತ್ತೇವೆ. ಆದರೆ ಕೂಸು ಅಂಬೆಗಾಲಿಡತೊಡಗಿದಾಗ, ಮನೆಯಾಕೆ ಗರ್ಭಿಣಿಯಾಗಿರುವಾಗ, ವೃದ್ಧರ ಕಣ್ಣು ಮಂದವಾದಾಗ ಆ ಮೆಟ್ಟಿಲೇ ಮನೆಯೊಳಗಿನ ಅತ್ಯಂತ ಅಪಾಯದ ಸ್ಥಳವಾಗಬಹುದು. ಆದುದರಿಂದ ದುರಸ್ತಿಯನ್ನು ಮುಂದೂಡಬಾರದು. ಮಾಡಿಸುವಾಗ ಮರ, ಕೂಲಿಗಳನ್ನಷ್ಟೇ ಅಲ್ಲದೆ ಮನೆಮಂದಿಯ ಆರೋಗ್ಯವನ್ನೂ ಗಮನಿಸತಕ್ಕದ್ದು.

1. ಮೊದಲು ನೀವೇ ಪರೀಕ್ಷಿಸಿರಿ

ಹಗಲು ಬೆಳಕಿನಲ್ಲಿ ಒಂದೊಂದು ಹಲಗೆಯನ್ನೂ ಬೆರಳಿನಿಂದ ತಟ್ಟಿರಿ. ಟೊಳ್ಳು ಸದ್ದು ಬಂದರೆ ಗೆದ್ದಲು ಒಳಗೆ ತಿಂದಿರಬಹುದು. ಚಾಕುವಿನ ತುದಿ ಸುಲಭವಾಗಿ ಇಳಿದರೆ ಮರ ಕೊಳೆತಿದೆಯೆಂದು ತಿಳಿಯಿರಿ. ಮೆಟ್ಟಿಲಿನ ಬುಡವು ಮಣ್ಣಿಗೆ ತಾಗಿದೆಯೇ, ಗೋಡೆಯ ತೇವ ಹೀರುತ್ತಿದೆಯೇ ಎಂಬುದನ್ನು ವಿಶೇಷವಾಗಿ ನೋಡಿರಿ; ಬುಡಕ್ಕೆ ಕಲ್ಲನ್ನು ಕೊಡದೆ ಮೇಲಿನ ಹಲಗೆಗಳನ್ನಷ್ಟೇ ಬದಲಿಸಿದರೆ ಹೊಸ ಮರವೂ ಹಾಳಾಗುತ್ತದೆ. ಕಟಾಂಜನವನ್ನು ಹಿಡಿದು ಅಲುಗಿಸಿರಿ. ದಿನವೂ ಹೆಚ್ಚಾಗಿ ಹತ್ತಿಳಿಯುವವರು ಗೃಹಿಣಿಯರೇ ಆಗಿರುವುದರಿಂದ, ಎಲ್ಲಿ ಕಾಲು ಜಾರುತ್ತದೆ, ಎಲ್ಲಿ ಹಲಗೆ ಕಿರುಗುಟ್ಟುತ್ತದೆ ಎಂಬುದನ್ನು ಅವರಿಂದಲೇ ಕೇಳಿ ತಿಳಿಯುವುದು ಉತ್ತಮ.

2. ಬಡಗಿಯೊಡನೆ ಮಾತುಕತೆ

ಬಡಗಿಯು ಹಿಂದೆ ಮಾಡಿದ ಮೆಟ್ಟಿಲೊಂದನ್ನು ನೋಡಿಬನ್ನಿರಿ. ಅವನೊಡನೆ ಮಾತನಾಡುವಾಗ ಪತಿಪತ್ನಿಯರಿಬ್ಬರೂ ಇರಿ. ಮರ ಯಾರದು, ಯಾವ ಜಾತಿಯದು, ಕೂಲಿ ದಿನಕ್ಕೋ ಒಟ್ಟು ಕೆಲಸಕ್ಕೋ, ಊಟ ಸೇರಿದೆಯೇ, ಎಷ್ಟು ದಿನಗಳಲ್ಲಿ ಮುಗಿಯುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ಮುಂಗಡವಾಗಿ ಸ್ವಲ್ಪ ಹಣ ಕೊಟ್ಟು, ಉಳಿದುದನ್ನು ಕೆಲಸ ಮುಗಿದು ಪರೀಕ್ಷಿಸಿದ ಮೇಲೆ ಕೊಡಿರಿ.

ಮರದ ಲೆಕ್ಕವನ್ನು ನೀವೂ ಮಾಡಬಲ್ಲಿರಿ. ಉದ್ದವನ್ನು ಅಡಿಯಲ್ಲಿಯೂ, ಅಗಲ ಮತ್ತು ದಪ್ಪಗಳನ್ನು ಅಂಗುಲದಲ್ಲಿಯೂ ಅಳೆದು, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ದೊರೆಯುತ್ತದೆ. 3 ಅಡಿ ಉದ್ದ, 10 ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪದ 8 ಹಲಗೆಗಳಿಗೆ ಎರಡೂವರೆ ಘನ ಅಡಿ ಮರ ಬೇಕು. ಕೊಯ್ತ ಮತ್ತು ಹತ್ತರಿಯಲ್ಲಿ ಹೋಗುವ ಭಾಗ ಇದಕ್ಕೆ ಹೊರತು. ಚೆನ್ನಾಗಿ ಒಣಗಿದ ಮರವನ್ನೇ ಬಳಸಿರಿ. ಹಸಿಮರ ಒಣಗುವಾಗ ಬಾಗುತ್ತದೆ, ಸಂದುಗಳು ಸಡಿಲವಾಗುತ್ತವೆ. ಈ ಕೆಲಸಕ್ಕೆ ಮಳೆಗಾಲ ಕಳೆದ ಒಣ ಹವೆಯೇ ತಕ್ಕ ಕಾಲ.

3. ಮಕ್ಕಳಿಗೆ ತಕ್ಕ ಅಳತೆ

ವಾಸದ ಮನೆಗಳಲ್ಲಿ ಒಂದೊಂದು ಮೆಟ್ಟಿಲಿನ ಎತ್ತರ 19 ಸೆಂಟಿಮೀಟರನ್ನು ಮೀರಬಾರದು, ಕಾಲಿಡುವ ಅಗಲ 25 ಸೆಂಟಿಮೀಟರಿಗಿಂತ ಕಡಿಮೆಯಿರಬಾರದು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಹಳೆಯ ಮನೆಯಲ್ಲಿ ಜಾಗ ಸಾಲದಿದ್ದರೂ ಎಲ್ಲ ಮೆಟ್ಟಿಲುಗಳ ಎತ್ತರ ಒಂದೇ ಸಮನಾಗಿರಲಿ. ಒಂದು ಹೆಚ್ಚು, ಒಂದು ಕಡಿಮೆ ಇದ್ದಲ್ಲಿಯೇ ಕಾಲು ತಪ್ಪುತ್ತದೆ. ಕಟಾಂಜನವು ಕನಿಷ್ಠ 3 ಅಡಿ ಎತ್ತರವಿರಲಿ. ಅದರ ಕಂಬಿಗಳು ನೆಟ್ಟಗೆ ನಿಂತಿರಲಿ. ಅಡ್ಡಪಟ್ಟಿಗಳಿದ್ದರೆ ಮಗು ಅವುಗಳನ್ನೇ ಏಣಿಯಾಗಿಸಿಕೊಂಡು ಹತ್ತುತ್ತದೆ. ಕಂಬಿಗಳ ನಡುವಣ ಅಂತರ 10 ಸೆಂಟಿಮೀಟರಿಗಿಂತ, ಅಂದರೆ ಸುಮಾರು 4 ಅಂಗುಲಕ್ಕಿಂತ ಹೆಚ್ಚಾದರೆ ಎಳೆಯ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳಬಹುದು. ಕೈಹಿಡಿಯಲ್ಲಿ ಸಿಬಿರು, ಮೊಳೆಯ ತುದಿ ಉಳಿಯಬಾರದು. ಬರಿಯ ಮೊಳೆಗಿಂತ ತಿರುಪುಮೊಳೆಯ ಹಿಡಿತ ಬಲವಾದುದು.

4. ಹಳೆಯ ಬಣ್ಣದ ಧೂಳು ವಿಷವಾಗಬಹುದು

ಹೆಚ್ಚಿನವರು ಅರಿಯದ ಅಪಾಯ ಇಲ್ಲಿದೆ. ಹಿಂದಿನ ಅನೇಕ ಎಣ್ಣೆಬಣ್ಣಗಳಲ್ಲಿ ಸೀಸ ಬೆರೆತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಕೂಡದೆಂಬ ಕೇಂದ್ರ ಸರ್ಕಾರದ ನಿಯಮವು 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕೂ ಮೊದಲು ಬಳಿದ ಬಣ್ಣದಲ್ಲಿ ಸೀಸವಿರಬಹುದೆಂದು ಭಾವಿಸಿಯೇ ನಡೆಯುವುದು ಕ್ಷೇಮ.

ಬಣ್ಣವನ್ನು ಒಣದಾಗಿ ಕೆರೆದರೆ ಅಥವಾ ಉಜ್ಜಿದರೆ ಸೀಸದ ಧೂಳು ನೆಲದ ಮೇಲೆ ಕೂರುತ್ತದೆ. ನೆಲದಲ್ಲಿ ಆಡುವ ಮಗು ಕೈಯನ್ನು ಬಾಯಿಗಿಡುತ್ತದೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ಎಳೆಯ ಮಕ್ಕಳ ದೇಹವು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದರಿಂದ ಮಿದುಳಿನ ಬೆಳವಣಿಗೆ ಕುಂದುತ್ತದೆ. ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆಗಳೂ ತೋರಬಹುದು. ಬಹುವೇಳೆ ಯಾವ ಚಿಹ್ನೆಯೂ ಕಾಣದೆ ಮಗು ಕಲಿಕೆಯಲ್ಲಿ ಹಿಂದುಳಿಯುತ್ತದೆ. ತಾಯಿಯ ರಕ್ತದಲ್ಲಿರುವ ಸೀಸವು ಗರ್ಭದ ಶಿಶುವನ್ನೂ ತಲುಪುತ್ತದೆ. ಇಷ್ಟು ಸೀಸದಿಂದ ಹಾನಿಯಿಲ್ಲವೆಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ.

ಆದುದರಿಂದ ಬಡಗಿಗೂ ಬಣ್ಣದವನಿಗೂ ಮೊದಲೇ ಹೀಗೆ ತಿಳಿಸಿರಿ:

ಅ) ಗಟ್ಟಿಯಾಗಿ ಅಂಟಿಕೊಂಡಿರುವ ಹಳೆಯ ಬಣ್ಣವನ್ನು ಪೂರ್ತಿ ಕೆರೆಯುವುದು ಬೇಡ. "ಕೆರೆಯದಿದ್ದರೆ ಹೊಸ ಬಣ್ಣ ಹಿಡಿಯದು" ಎಂದರೆ, ನೀರು ಚಿಮುಕಿಸಿ, ಮೇಲ್ಮೈಯನ್ನು ಮಾತ್ರ ನೀರುಕಾಗದದಿಂದ ತೇವದಲ್ಲೇ ಉಜ್ಜಲು ಹೇಳಿರಿ. ಎದ್ದಿರುವ ಚಕ್ಕೆಗಳನ್ನೂ ತೇವಮಾಡಿಯೇ ತೆಗೆಯಲಿ.

ಆ) ಬೆಂಕಿಯುರಿಯಿಂದ ಬಣ್ಣ ಸುಡಬಾರದು, ಆ ಹೊಗೆಯೂ ವಿಷವೇ.

ಇ) ಕೆಲಸ ನಡೆಯುವಷ್ಟು ದಿನ ಮಕ್ಕಳೂ ಗರ್ಭಿಣಿಯರೂ ಬೇರೆ ಮನೆಯಲ್ಲಿರಲಿ, ಸಾಧ್ಯವಿಲ್ಲದಿದ್ದರೆ ಆ ಭಾಗಕ್ಕೆ ಬಾರದಿರಲಿ. ಧಾನ್ಯ, ಹಾಸಿಗೆ, ನೀರಿನ ಪಾತ್ರೆಗಳನ್ನು ಮೊದಲೇ ತೆರವುಮಾಡಿರಿ.

ಈ) ಸಂಜೆ ಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಿರಿ. ಕೆಲಸಗಾರರು ಮೂಗುಬಾಯಿಗಳನ್ನು ಮುಚ್ಚಿಕೊಳ್ಳಲಿ. ಸೋಪಿನಿಂದ ಕೈತೊಳೆದೇ ಊಟಮಾಡಲಿ. ಅವರಿಗೂ ಮನೆಯಲ್ಲಿ ಮಕ್ಕಳಿದ್ದಾರೆ.

ಉ) ಬಣ್ಣ ಹಚ್ಚಿದ ಹಳೆಯ ತುಂಡುಗಳನ್ನು ಬಚ್ಚಲೊಲೆಗೆ ಹಾಕಬೇಡಿರಿ. ಸೀಸವು ಬೂದಿಯಲ್ಲಿ ಉಳಿದು, ಪಾತ್ರೆ ಬೆಳಗುವ ಕೈಗೂ ತರಕಾರಿ ಮಡಿಗೂ ಸೇರುತ್ತದೆ. ಕೆರೆದ ಚಕ್ಕೆಗಳನ್ನು ಬಾವಿ, ಹಿತ್ತಿಲುಗಳಿಂದ ದೂರದಲ್ಲಿ ಹೂಳಿರಿ.

5. ಹೊಸ ಲೇಪನ

ಎಣ್ಣೆ, ಅರಗಿನ ಪಾಲಿಶ್, ಬಣ್ಣ ಯಾವುದಾದರೂ ಸರಿ. ಆದರೆ ಕಾಲಿಡುವ ಹಲಗೆ ನುಣುಪಾಗಿ ಜಾರದಂತಿರಲಿ. ಬಣ್ಣವಾದರೆ ಡಬ್ಬಿಯ ಮೇಲೆ ಸೀಸದ ಪ್ರಮಾಣ ನಮೂದಾಗಿದೆಯೇ ಎಂದು ನೋಡಿ ಕೊಳ್ಳಿರಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಯಾಗಿ ಬಿಸಾಡಿದರೆ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು; ಹರಡಿ ಹೊರಗೆ ಒಣಗಿಸಿರಿ. ಸೀಮೆಎಣ್ಣೆ, ಟರ್ಪೆಂಟೈನ್, ಥಿನ್ನರುಗಳನ್ನು ನೀರಿನ ಬಾಟಲಿಯಲ್ಲಿ ಎಂದಿಗೂ ಇಡಬೇಡಿರಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು. ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಾಪಾಯವಾಗಬಹುದು. 108ಕ್ಕೆ ಕರೆಮಾಡಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

6. ಕೊನೆಯ ಹಣ ಕೊಡುವ ಮುನ್ನ

ಇಬ್ಬರೂ ಒಬ್ಬರಾದ ಮೇಲೊಬ್ಬರು ಹೊರೆಹೊತ್ತು ಹತ್ತಿಳಿಯಿರಿ. ಕಟಾಂಜನಕ್ಕೆ ಒರಗಿ ನೋಡುವುದಕ್ಕೆ ಮೊದಲು ಅದನ್ನು ಕೈಯಿಂದ ಬಲವಾಗಿ ತಳ್ಳಿ ನೋಡಿರಿ. ಕಂಬಿಗಳ ಸಂದನ್ನು ಅಳೆಯಿರಿ. ಆಮೇಲೆ ಬಡಗಿಗೆ ಸಲ್ಲತಕ್ಕ ಹಣವನ್ನು ಸಂತೋಷದಿಂದ ಸಲ್ಲಿಸಿರಿ. ಹಳೆಯ ಬಣ್ಣವನ್ನು ಈಗಾಗಲೇ ಒಣದಾಗಿ ಕೆರೆಸಿದ್ದು, ಮನೆಯಲ್ಲಿ ಚಿಕ್ಕಮಕ್ಕಳು ಅಥವಾ ಗರ್ಭಿಣಿಯರಿದ್ದರೆ, ಸಮೀಪದ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿರಿ. ರಕ್ತಪರೀಕ್ಷೆಯ ಅಗತ್ಯವನ್ನು ಅವರು ನಿರ್ಧರಿಸುವರು.

ಚರ್ಚಿಸಿರಿ

1. ನಿಮ್ಮ ಮನೆಯ ಮೆಟ್ಟಿಲಿಗೆ ಕಡೆಯ ಬಾರಿ ಬಣ್ಣ ಬಳಿದುದು ಯಾವ ವರ್ಷ?
2. ಕಟಾಂಜನದ ಕಂಬಿಗಳ ನಡುವಣ ಅಂತರ ಎಷ್ಟು?
3. ದುರಸ್ತಿಯ ದಿನಗಳಲ್ಲಿ ನಿಮ್ಮ ಮಕ್ಕಳು ಎಲ್ಲಿರುವರು?