ಕೌದಿಗೆಂದು ತಂದ ಸೀರೆ

ಜುಲೈ 4ರ ಬೆಳಗಿನ ಆರು ಗಂಟೆಗೆ ಹಿತ್ತಲ ಬಾಗಿಲು ತೆರೆದವಳು ಅಲ್ಲೇ ನಿಂತುಬಿಟ್ಟೆ. ಹಿಂದಿನ ರಾತ್ರಿ ಹನ್ನೊಂದರವರೆಗೆ ಕೂತು ಕಟ್ಟಿದ್ದ ಕೆಂಪು ಕ್ರೇಪ್ ಕಾಗದದ ಪಟ್ಟಿಗಳು ನೆನೆದು ಜೋತುಬಿದ್ದಿದ್ದವು. ಅವುಗಳಿಂದ ಇಳಿದ ಬಣ್ಣ ಮೇಜಿನ ಬಿಳಿ ಹಾಸಿನ ಮೇಲೆ ಹನಿಹನಿಯಾಗಿ ಹರಡಿತ್ತು. ಬೆಳಗಿನ ಜಾವ ಹತ್ತು ನಿಮಿಷ ಸುರಿದು ಹೋದ ಮಳೆ ಅಷ್ಟು ಕೆಲಸ ಮಾಡಿತ್ತು. ಓಹಾಯೋದ ಬೇಸಿಗೆಯೇ ಹಾಗೆ. ಹಗಲೆಲ್ಲ ಧಗೆ, ಹೊತ್ತಲ್ಲದ ಹೊತ್ತಿನಲ್ಲಿ ಗುಡುಗು ಮಳೆ.

ನಮ್ಮ ಬೀದಿಯಲ್ಲಿ ಒಂದು ರೂಢಿಯಿದೆ. ಅಮೆರಿಕದ ಸ್ವಾತಂತ್ರ್ಯ ದಿನದ ಊಟ ಪ್ರತಿವರ್ಷ ಒಂದೊಂದು ಮನೆಯಲ್ಲಿ. ಆ ವರ್ಷದ ಸರದಿ ನಮ್ಮದು. ಕೊಲಂಬಸ್ ಹೊರವಲಯದ ಈ ಮನೆಗೆ ಬಂದು ಎಂಟೇ ತಿಂಗಳಾಗಿತ್ತು. ನೆರೆಯವರಿಗೆ ಹತ್ತಿರವಾಗುವ ಆಸೆಯಿತ್ತು. ಅದಕ್ಕಿಂತ ಹೆಚ್ಚಾಗಿ, ನಮಗೆ ಅನ್ನ ಕೊಟ್ಟ ನೆಲದ ಹಬ್ಬಕ್ಕೆ ನಮ್ಮ ಕೈಯಿಂದಲೂ ಏನಾದರೂ ಆಗಲಿ ಎಂದು ಮನಸ್ಸು ತುಂಬಿತ್ತು. ಅಂಗಡಿಗೆ ಹೋಗಿ ಕಣ್ಣಿಗೆ ಬಿದ್ದದ್ದನ್ನೆಲ್ಲ ತಂದೆ: ಕ್ರೇಪ್ ಕಾಗದ, ಬಲೂನು, ಧ್ವಜದ ಚಿತ್ರವಿದ್ದ ಪೇಪರ್ ಪ್ಲೇಟು, ನ್ಯಾಪ್ಕಿನ್ನು, ಗಂಡನ ಕೈಲಿ ಒಂದು ಗ್ಲೂ ಗನ್.

ಮೇಜಿನ ಹಾಸು ಬದಲಾಯಿಸಿದೆವು. ಹನ್ನೆರಡರ ಬಿಸಿಲಿಗೆ ಬಲೂನುಗಳು ಒಂದೊಂದಾಗಿ ಒಡೆದವು. ಗ್ಲೂ ಗನ್ನಿನ ಅಂಟು ಬಿಸಿಲಿಗೆ ಮೆತ್ತಗಾಗಿ, ಬೇಲಿಗೆ ಅಂಟಿಸಿದ್ದ ನಕ್ಷತ್ರಗಳು ಜಾರಿ ಹುಲ್ಲಿಗೆ ಬಿದ್ದವು. ಮಧ್ಯಾಹ್ನ ಎಲ್ಲೋ ಇಟ್ಟು ಮರೆತಿದ್ದ ಮೇಣದ ಬತ್ತಿಗಳು ಸಂಜೆಗೆ ಬಿಲ್ಲಿನಂತೆ ಬಾಗಿದ್ದವು. ಇವೆಲ್ಲ ಮರುದಿನ ಮರೆತುಹೋಗುವ ಸಂಗತಿಗಳು. ಮರೆಯದೆ ಉಳಿದದ್ದು ಬೇರೆ.

ಎದುರುಮನೆಯ ಹಿರಿಯರು ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿ ಬಂದವರು. ಅಂದು ಅವರು ತಟ್ಟೆಗೆ ಊಟ ಬಡಿಸಿಕೊಳ್ಳಲಿಲ್ಲ. ಬನ್ನು ಕೈಯಲ್ಲೇ ಹಿಡಿದು ತಿಂದರು. ನಾನು ಕೊಟ್ಟ ನ್ಯಾಪ್ಕಿನ್ನಿನಲ್ಲಿ ಬಾಯಿ ಒರೆಸಿಕೊಳ್ಳದೆ ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಮರುದಿನ ನಾನು ಕಸದ ಚೀಲ ಹೊರಗಿಡುವಾಗ ಬಂದು, ತೀರಾ ಮೆಲ್ಲಗೆ ಹೇಳಿದರು: “ತಪ್ಪು ತಿಳಿಯಬೇಡಮ್ಮ. ಆ ಧ್ವಜ ಹೊದಿಸಿದ ಪೆಟ್ಟಿಗೆಗಳನ್ನು ನಾನು ಹೊತ್ತಿದ್ದೇನೆ. ಅದರ ಮೇಲೆ ಸಾಸ್ ಸುರಿದುಕೊಳ್ಳಲು ನನ್ನ ಕೈ ಬರಲಿಲ್ಲ.” ನನ್ನ ಕೈಯಲ್ಲಿದ್ದ ಚೀಲದಲ್ಲಿ ಅವೇ ತಟ್ಟೆಗಳು ತುಂಬಿದ್ದವು.

ಆಮೇಲೆ ಹುಡುಕಿ ಓದಿದೆ. ಅಮೆರಿಕದ ಸಂಸತ್ತು 1942ರಲ್ಲಿ ಒಪ್ಪಿಕೊಂಡ ಧ್ವಜ ಸಂಹಿತೆಯಲ್ಲಿ ಇದು ಸ್ಪಷ್ಟವಾಗಿದೆ. ಬಳಸಿ ಬಿಸಾಡುವ ಕಾಗದದ ನ್ಯಾಪ್ಕಿನ್, ಡಬ್ಬಿಗಳ ಮೇಲೆ ಧ್ವಜವನ್ನು ಅಚ್ಚು ಹಾಕಬಾರದು. ಅಲಂಕಾರದ ಬಟ್ಟೆಯಾಗಿ ಇಳಿಬಿಡಬಾರದು. ಅಲಂಕರಿಸಬೇಕೆಂದರೆ ಮೂರು ಬಣ್ಣದ ಬಟ್ಟೆಯ ತೋರಣ ಕಟ್ಟಬಹುದು: ಮೇಲೆ ನೀಲಿ, ನಡುವೆ ಬಿಳಿ, ಕೆಳಗೆ ಕೆಂಪು. ಮೀರಿದರೆ ಶಿಕ್ಷೆಯೇನಿಲ್ಲ, ಅಂಗಡಿಗಳ ತುಂಬ ಅಂಥ ಸಾಮಾನೇ ಇರುತ್ತದೆ. ಆದರೂ ನನಗೆ ಓದುತ್ತ ಕಣ್ಣು ತುಂಬಿತು. ನಾನು ಬೆಳೆದದ್ದು ಧಾರವಾಡದಲ್ಲಿ. ಪಕ್ಕದ ಗರಗ ಧ್ವಜದ ಖಾದಿಗೆ ಹೆಸರಾದ ಊರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ಹೊಲಿಯುತ್ತಾರೆ. ಆಗಸ್ಟ್ 15ರಂದು ಸಿಹಿ ಹಂಚಿದ ಮೇಲೆ ನಮ್ಮ ಮಾಸ್ತರು ನಮ್ಮನ್ನು ಮನೆಗೆ ಬಿಡುತ್ತಿರಲಿಲ್ಲ. ಮೈದಾನದಲ್ಲಿ ಬಿದ್ದ ಒಂದೊಂದು ಕಾಗದದ ಧ್ವಜವನ್ನೂ ಆರಿಸಿ, ಮಣ್ಣು ಒರೆಸಿ, ಅವರ ಕೈಗೆ ಕೊಟ್ಟ ಮೇಲೆಯೇ ರಜೆ. ಅಂಥ ಶಾಲೆಯಲ್ಲಿ ಕಲಿತವಳು ಇನ್ನೊಂದು ದೇಶದ ಧ್ವಜವನ್ನು ಎಂಜಲು ಮಾಡಿ ಕಸಕ್ಕೆ ಹಾಕಿದ್ದೆ. ಧ್ವಜ ಬೇರೆ, ಧ್ವಜದ ಬಣ್ಣ ಬೇರೆ ಎಂಬುದು ನನಗೆ ತಲೆಗೆ ಹೋದದ್ದು ಆ ದಿನ. ಅಲಂಕಾರಕ್ಕೆ ಬಣ್ಣ ಸಾಕು.

ಮರುವರ್ಷದ ಸರದಿ ಆ ಹಿರಿಯರದೇ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬರೇ. ಅಲಂಕಾರ ನನಗೆ ಬಿಡಿ ಎಂದು ನಾನೇ ಹೋಗಿ ಕೇಳಿದೆ. ಆ ಮೇ ತಿಂಗಳಲ್ಲಿ ಅವ್ವ ಊರಿನಿಂದ ಬಂದಿದ್ದಳು. ಮೊಮ್ಮಗಳಿಗೆ ಕೌದಿ ಹೊಲಿಯಲೆಂದು ಸೂಟ್‌ಕೇಸಿನಲ್ಲಿ ಹಳೆಯ ನೂಲಿನ ಸೀರೆಗಳನ್ನು ಹೊತ್ತು ತಂದಿದ್ದಳು. ನಾನು ಕೆಂಪು ಬಟ್ಟೆ ಕೊಳ್ಳಲು ಹೊರಟಾಗ ತಡೆದಳು. “ಹೊಸಾ ಬಟ್ಟಿ ಬಣ್ಣಾ ಬಿಡ್ತದ. ಇದನ್ನ ತಗೋ. ಇಪ್ಪತ್ತು ವರ್ಷ ಒಗದೀನಿ, ಬಿಡೋ ಬಣ್ಣಾ ಎಲ್ಲಾ ಬಿಟ್ಟಾಗೇದ.” ಹೋದ ವರ್ಷದ ಮಳೆ ನನಗೆ ಕಲಿಸಬೇಕಾದದ್ದನ್ನು ಅವ್ವ ಒಂದು ಮಾತಿನಲ್ಲಿ ಹೇಳಿದ್ದಳು.

ಕೆಂಪಿಗೆ ಆ ಸೀರೆ, ಬಿಳಿಗೆ ಹಳೆಯ ಬೆಡ್‌ಶೀಟು, ನೀಲಿಗೆ ಮೊಣಕಾಲು ಹರಿದ ಜೀನ್ಸು. ಎಂಟು ಇಂಚು ಅಗಲ, ಹತ್ತು ಇಂಚು ಉದ್ದದ ತ್ರಿಕೋನ ಒಂದನ್ನು ರಟ್ಟಿನಲ್ಲಿ ಕತ್ತರಿಸಿಕೊಂಡು, ಅದನ್ನೇ ಅಳತೆಯಾಗಿಟ್ಟು ಉಳಿದವನ್ನೆಲ್ಲ ಕತ್ತರಿಸಿದೆವು. ಒಂದಕ್ಕೂ ಮತ್ತೊಂದಕ್ಕೂ ನಡುವೆ ನಾಲ್ಕು ಇಂಚು ಬಿಟ್ಟರೆ ಇಪ್ಪತ್ತು ಅಡಿ ಹುರಿಗೆ ಇಪ್ಪತ್ತು ಪತಾಕೆ. ಅಂಟು, ಟೇಪು ಯಾವುದೂ ಇಲ್ಲ. ಮೇಲಂಚನ್ನು ಹುರಿಯ ಮೇಲೆ ಮಡಚಿ, ಕೌದಿಗೆ ಹಾಕುವ ಉದ್ದುದ್ದ ಹೊಲಿಗೆಯನ್ನೇ ಅವ್ವ ಹಾಕಿದಳು. ಶಾಲೆಯಲ್ಲಿ ಆಗಸ್ಟ್ 14ರ ಸಂಜೆ ನಾವು ಬಣ್ಣದ ಕಾಗದವನ್ನು ಹುರಿಗೆ ಹೀಗೆಯೇ ಮಡಚಿ, ಮೈದಾ ಕುದಿಸಿ ಮಾಡಿದ ಅಂಟು ಸವರುತ್ತಿದ್ದೆವು. ಮಡಿಕೆಯೇ ಹುರಿಯನ್ನು ಹಿಡಿದುಕೊಳ್ಳುವುದರಿಂದ ಗಾಳಿಗೆ ಜಾರುವುದಿಲ್ಲ. ಆ ಪತಾಕೆಗಳನ್ನು ಪ್ರತಿವರ್ಷ ಒಗೆದು ಮಡಚಿ ಇಡುತ್ತೇನೆ. ಈಗಲೂ ಅವೇ ಕಟ್ಟುವುದು.

ಕಾಗದವನ್ನು ಪೂರ್ತಿ ಬಿಡಲಿಲ್ಲ, ಪೋರ್ಚಿನ ಸೂರಿನ ಕೆಳಗೆ ಮಾತ್ರ ಇಟ್ಟುಕೊಂಡೆವು. ಮಗಳು ಶಾಲೆಯಲ್ಲಿ ಒಂದೇ ಕತ್ತರಿ ಹೊಡೆತಕ್ಕೆ ಐದು ಮೂಲೆಯ ನಕ್ಷತ್ರ ಕತ್ತರಿಸುವುದನ್ನು ಕಲಿತು ಬಂದಿದ್ದಳು. ಬೆಟ್ಸಿ ರಾಸ್ ಎಂಬ ಫಿಲಡೆಲ್ಫಿಯಾದ ಹೊಲಿಗೆಯಾಕೆ ಜಾರ್ಜ್ ವಾಷಿಂಗ್ಟನ್ನರಿಗೆ ಇದನ್ನು ಮಾಡಿ ತೋರಿಸಿದಳೆಂದು ಕತೆಯಿದೆ. ಆಕೆಯ ಮೊಮ್ಮಗ ಅದನ್ನು ಜನರ ಮುಂದಿಟ್ಟದ್ದು 1870ರಲ್ಲಿ. ಆ ಕಾಲದ ದಾಖಲೆಯೊಂದೂ ಸಿಕ್ಕಿಲ್ಲವಾದ್ದರಿಂದ ಹೆಚ್ಚಿನ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಕತೆ ಹೇಗೇ ಇರಲಿ, ನಕ್ಷತ್ರ ಮಾತ್ರ ನಿಜ. ಕಾಗದವನ್ನು ಅರ್ಧಕ್ಕೆ ಮಡಚಬೇಕು. ಆ ಮಡಿಕೆಯ ನಟ್ಟನಡುವಿನ ಬಿಂದುವನ್ನು ಹಿಡಿದು, ಬೀಸಣಿಗೆಯಂತೆ ಹಿಂದೆ ಮುಂದೆ ಐದು ಸಮಪಾಲು ಮಾಡಬೇಕು. ಒಂದೊಂದು ಪಾಲು 36 ಡಿಗ್ರಿ. ಈಗ ಕೈಯಲ್ಲಿ ಉಳಿಯುವುದು ಕಿರಿದಾದ ಒಂದು ಬೆಣೆ. ಅದಕ್ಕೆ ಓರೆಯಾಗಿ ಒಮ್ಮೆ ಕತ್ತರಿ. ಕತ್ತರಿ ಓರೆಯಾದಷ್ಟೂ ಮೊನೆ ಚೂಪು. ಮೊದಲ ನಕ್ಷತ್ರ ಬಿಡಿಸಿ ತೋರಿಸಿದಾಗ ಅವ್ವ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಸಂಜೆಯೊಳಗೆ ಬೀದಿಯ ಮಕ್ಕಳೆಲ್ಲ ಸೇರಿ ಐವತ್ತು ಮಾಡಿದರು. ಧ್ವಜದಲ್ಲಿರುವುದೂ ಐವತ್ತೇ, ರಾಜ್ಯಕ್ಕೊಂದು. ಹವಾಯಿ ಸೇರಿದ ಮೇಲೆ, 1960ರ ಜುಲೈ 4ರಿಂದ ಲೆಕ್ಕ ಅಷ್ಟಕ್ಕೆ ನಿಂತಿದೆ.

ಹಬ್ಬದ ದಿನ ಬೆಳಗ್ಗೆ ಅವ್ವ ಆ ಹಿರಿಯರ ಡ್ರೈವ್‌ವೇ ಗುಡಿಸಿ ರಂಗೋಲಿಗೆ ಕೂತಳು. ರಂಗೋಲಿ ಪುಡಿ ಇರಲಿಲ್ಲ, ಮಕ್ಕಳ ಸೀಮೆಸುಣ್ಣ ಇತ್ತು. ಧ್ವಜದಲ್ಲಿ ಎಷ್ಟು ಪಟ್ಟಿ ಎಂದು ಕೇಳಿದಳು. ಹದಿಮೂರು, ಮೊದಲು ಸ್ವತಂತ್ರವಾದ ವಸಾಹತುಗಳು ಅಷ್ಟು. ಅದರಲ್ಲಿ ಕೆಂಪು ಏಳು, ಬಿಳಿ ಆರು ಎಂದೆ. “ಹಂಗಾದ್ರ ಹದಿಮೂರು ಚುಕ್ಕಿ, ಏಳರ ತನಕಾ ಸಂದುಚುಕ್ಕಿ,” ಎಂದು ಚುಕ್ಕೆ ಇಡಲು ಶುರುಮಾಡಿಯೇ ಬಿಟ್ಟಳು. ನಮ್ಮ ಅಂಗಳದಲ್ಲಿ ಎಷ್ಟೋ ಶುಕ್ರವಾರ ಇಟ್ಟ ಲೆಕ್ಕ ಅದು. ನಡುವೆ ನೀಲಿ, ಸುತ್ತ ಬಿಳಿ ಎಳೆ, ಹೊರಗೆ ಕೆಂಪು. ಊಟಕ್ಕೆ ಬಂದವರು ಯಾರೂ ಹೇಳದೆಯೇ ಹುಲ್ಲಿನ ಮೇಲಿಂದ ಸುತ್ತು ಹಾಕಿ ಒಳಗೆ ಬಂದರು.

ಅಂದು ತಟ್ಟೆಗಳೆಲ್ಲ ಬರೀ ಬಿಳಿ. ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಗಳಲ್ಲಿ ಎರಡು ಬೆರಳು ಮರಳು ತುಂಬಿ, ಬ್ಯಾಟರಿಯ ಪುಟ್ಟ ದೀಪಗಳನ್ನಿಟ್ಟು ಮೆಟ್ಟಿಲುದ್ದಕ್ಕೂ ಜೋಡಿಸಿದ್ದೆವು. ಮರಳಿನ ಭಾರಕ್ಕೆ ಬಾಟಲಿ ಉರುಳುವುದಿಲ್ಲ, ಬೆಂಕಿಯ ಭಯವೂ ಇಲ್ಲ. 1776ರ ಜುಲೈ 3ರಂದು ಅಮೆರಿಕದ ಸ್ವಾತಂತ್ರ್ಯ ಹೋರಾಟದ ಮುಂದಾಳು ಜಾನ್ ಆಡಮ್ಸ್ ಹೆಂಡತಿಗೆ ಬರೆದ ಕಾಗದದಲ್ಲಿ, ಈ ದಿನವನ್ನು ಮುಂದಿನವರು ಮೆರವಣಿಗೆ, ಆಟ, ದೀಪಗಳಿಂದ ಆಚರಿಸಬೇಕೆಂದು ಆಶಿಸಿದ್ದರು. ಅವರ ಮನಸ್ಸಿನಲ್ಲಿದ್ದ ದಿನ ಮಾತ್ರ ಜುಲೈ 2, ಸ್ವಾತಂತ್ರ್ಯದ ನಿರ್ಣಯಕ್ಕೆ ಮತ ಬಿದ್ದ ದಿನ. ಇದನ್ನು ನಮಗೆ ಹೇಳಿದವರು ಆ ಹಿರಿಯರೇ, ಮೆಟ್ಟಿಲ ಮೇಲೆ ಕೂತು ಮಕ್ಕಳ ಜೊತೆ ಒಂದೊಂದೇ ದೀಪ ಹಚ್ಚುತ್ತ.

ಜುಲೈ ಮೊದಲ ವಾರದಲ್ಲಿ ಇಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಹುಲ್ಲಿನ ಮೇಲೆ ಮಿಂಚುಹುಳುಗಳು ಏಳತೊಡಗಿದಾಗ ಅವರು ಪೋರ್ಚಿನಲ್ಲಿದ್ದ ತಮ್ಮ ಧ್ವಜವನ್ನು ಇಳಿಸಲು ಎದ್ದರು. ಅದನ್ನು ಮಡಚಲು ಇಬ್ಬರು ಬೇಕು. ಅವರು ಸುತ್ತ ನೋಡಿದರು. ನಾನು ಎದ್ದೆ, ಅಷ್ಟರಲ್ಲಿ ಅವ್ವ ಒಳಗೆ ಹೋಗಿ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಎದುರು ನಿಂತಿದ್ದಳು. ಅವರಿಗೆ ಕನ್ನಡ ಬಾರದು, ಅವ್ವನಿಗೆ ಇಂಗ್ಲಿಷ್ ಬಾರದು. ಅವರು ತುದಿ ಕೊಟ್ಟರು, ಅವ್ವ ಹಿಡಿದಳು. ಉದ್ದಕ್ಕೆ ಒಮ್ಮೆ ಮಡಚಿ, ಮತ್ತೊಮ್ಮೆ ಮಡಚಿದರು. ಆಮೇಲೆ ಪಟ್ಟಿಗಳ ತುದಿಯಿಂದ ಅವರು ತ್ರಿಕೋನ ತ್ರಿಕೋನವಾಗಿ ಮಡಚುತ್ತ ಹತ್ತಿರ ಹತ್ತಿರ ಬಂದರು. ಅವ್ವ ಬಟ್ಟೆ ಎಲ್ಲೂ ಸಡಿಲವಾಗದಂತೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಕೊನೆಗೆ ನೀಲಿಯೂ ನಕ್ಷತ್ರಗಳೂ ಮಾತ್ರ ಮೇಲೆ ಉಳಿದವು.