ಗಾಜಿನ ತಟ್ಟೆಯಲ್ಲಿ ಗೆದ್ದ ಜೇಷ್ಠಮಧು ಹೊಟ್ಟೆಯಲ್ಲೂ ಗೆಲ್ಲುತ್ತದೆಯೇ?



ಹೃದ್ರೋಗ ತಜ್ಞನೊಬ್ಬ ಹೊಟ್ಟೆಹುಣ್ಣಿನ ಬಗ್ಗೆ ಏಕೆ ಬರೆಯುತ್ತಿದ್ದಾನೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಹೇಳುತ್ತೇನೆ.

ಕೆಲವು ತಿಂಗಳ ಹಿಂದೆ ಅರವತ್ತು ದಾಟಿದ ತಾಯಿಯೊಬ್ಬರು ಮಗನ ಜೊತೆ ಬಂದಿದ್ದರು. ಊರು ಧಾರವಾಡದ ಕಡೆ, ಈಗ ಇರುವುದು ಮಗನ ಮನೆಯಲ್ಲಿ, ಪುಣೆಯಲ್ಲಿ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು. ಹತೋಟಿಯಲ್ಲಿದ್ದ ಬಿಪಿ 180/100ಕ್ಕೆ ಏರಿತ್ತು. ಪಾದಗಳು ಬಾತಿದ್ದವು. ರಕ್ತದಲ್ಲಿ ಪೊಟ್ಯಾಸಿಯಂ 2.8ಕ್ಕೆ ಇಳಿದಿತ್ತು, ಅದು 3.5ಕ್ಕಿಂತ ಕೆಳಗೆ ಇಳಿಯಬಾರದು.

"ಮಾತ್ರೆ ತಪ್ಪಿಸಿದ್ರಾ ಅಮ್ಮ?"

"ಇಲ್ರೀ ಡಾಕ್ಟರ್, ಒಂದಿನಾನೂ ತಪ್ಪಿಸಿಲ್ಲ."

"ಬೇರೆ ಏನಾದ್ರೂ ತಗೋತೀರಾ?"

"ಔಷಧ ಏನೂ ಇಲ್ರೀ. ಹೊಟ್ಟಿ ಉರಿಗೆ ದಿನಾ ಎರಡು ಹೊತ್ತು ಜೇಷ್ಠಮಧು ಪುಡಿ, ಅಷ್ಟ."

ಮಗ ಫೋನ್ ತೆಗೆದು ತೋರಿಸಿದರು. "ಹೊಟ್ಟೆಹುಣ್ಣಿನ ಬ್ಯಾಕ್ಟೀರಿಯಾವನ್ನು ಜೇಷ್ಠಮಧು ಕೊಲ್ಲುತ್ತದೆ, ಪ್ರಯೋಗಾಲಯದಲ್ಲಿ ಸಾಬೀತು" ಎಂಬ ಸಂದೇಶ.

ತಪ್ಪು ಅವರದಷ್ಟೇ ಆಗಿರಲಿಲ್ಲ. ಹಿಂದಿನ ಭೇಟಿಯಲ್ಲಿ ಬಿಪಿ ಸ್ವಲ್ಪ ಏರಿದ್ದು ನೋಡಿ ನಾನು ಮೂತ್ರ ಹೆಚ್ಚಿಸುವ ಮಾತ್ರೆಯೊಂದನ್ನು ಸೇರಿಸಿದ್ದೆ. ಮನೆಮದ್ದಿನ ಬಗ್ಗೆ ಕೇಳಿರಲಿಲ್ಲ. ಆ ಮಾತ್ರೆ ಪೊಟ್ಯಾಸಿಯಂ ಅನ್ನು ಇನ್ನಷ್ಟು ಕೆಳಗೆ ತಳ್ಳಿತ್ತು.

*ಹುಣ್ಣಿಗೆ ಕಾರಣ ಯಾರು?*

ಖಾರ ತಿಂದದ್ದಕ್ಕೆ, ಟೆನ್ಷನ್‌ಗೆ ಹುಣ್ಣಾಯಿತು ಎಂದೇ ವೈದ್ಯರೂ ಬಹಳ ಕಾಲ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ರೋಗಿಗಳ ಜಠರದಿಂದ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಬೆಳೆಸಿದರು. ಅದೂ ಈಸ್ಟರ್ ರಜೆಯಲ್ಲಿ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಹಾಗೇ ಉಳಿದಿದ್ದರಿಂದ ಬೆಳೆದದ್ದು! ಯಾರೂ ನಂಬದಿದ್ದಾಗ, 1984ರಲ್ಲಿ ಮಾರ್ಷಲ್ ತಾವೇ ಆ ಬ್ಯಾಕ್ಟೀರಿಯಾವನ್ನು ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ, ಚಿಕ್ಕದಾಗಿ ಎಚ್. ಪೈಲೋರಿ. ಸಾಮಾನ್ಯವಾಗಿ ಬಾಲ್ಯದಲ್ಲೇ ಒಳಹೊಕ್ಕು ದಶಕಗಟ್ಟಲೆ ಇರುತ್ತದೆ. ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ. ಕೆಲವರಿಗೆ ಹುಣ್ಣು, ಅಪರೂಪಕ್ಕೆ ಜಠರದ ಕ್ಯಾನ್ಸರ್ ತರುತ್ತದೆ. ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ಆಸ್ಪಿರಿನ್ ಮತ್ತು ನೋವಿನ ಮಾತ್ರೆಗಳು.

*"ಪ್ರಯೋಗಾಲಯದಲ್ಲಿ ಸಾಬೀತು" ಎಂದರೇನು?*

ಗಿಡದ ಬೇರು ಅಥವಾ ಎಲೆಯನ್ನು ಒಣಗಿಸಿ, ಪುಡಿ ಮಾಡಿ, ನೀರಿನಲ್ಲೋ ಆಲ್ಕೋಹಾಲಿನಲ್ಲೋ ನೆನೆಸಿ, ಸೋಸಿ, ದ್ರವವನ್ನು ಆವಿಯಾಗಿಸುತ್ತಾರೆ. ಉಳಿಯುವುದೇ ಸಾರ. ರಕ್ತ ಬೆರೆಸಿದ ಅಗರ್ ತಟ್ಟೆಯ ಮೇಲೆ ಎಚ್. ಪೈಲೋರಿಯನ್ನು ಹರಡಿ, ಸಾರದಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಕಡಿಮೆ ಆಮ್ಲಜನಕದ ಪೆಟ್ಟಿಗೆಯಲ್ಲಿ, 37 ಡಿಗ್ರಿ ಶಾಖದಲ್ಲಿ, ಮೂರರಿಂದ ಐದು ದಿನ ಬಿಡುತ್ತಾರೆ. ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಬೋಳು ವೃತ್ತ ಕಂಡರೆ ಸಾರಕ್ಕೆ ಶಕ್ತಿ ಇದೆ ಎಂದರ್ಥ. ಒಳ್ಳೆಯ ಪ್ರಯೋಗದಲ್ಲಿ ಪಕ್ಕದಲ್ಲೇ ಆಂಟಿಬಯೋಟಿಕ್‌ನ ಒಂದು ಬಿಲ್ಲೆ, ಬರೀ ಆಲ್ಕೋಹಾಲಿನ ಒಂದು ಬಿಲ್ಲೆ ಇರುತ್ತದೆ. ಇಲ್ಲದಿದ್ದರೆ ಕೊಂದದ್ದು ಗಿಡವೋ ಆಲ್ಕೋಹಾಲೋ ತಿಳಿಯುವುದಿಲ್ಲ.

ಜೇಷ್ಠಮಧು, ಬೆಳ್ಳುಳ್ಳಿ, ಅರಿಶಿನ ಇವೆಲ್ಲ ತಟ್ಟೆಯ ಮೇಲೆ ಶಕ್ತಿ ತೋರಿಸಿವೆ. ಇದು ನಿಜ. ಹೊಸ ಔಷಧ ಹುಡುಕಲು ಇದು ಬೇಕಾದ ಮೊದಲ ಮೆಟ್ಟಿಲು.

*ತಟ್ಟೆ ಬೇರೆ, ಹೊಟ್ಟೆ ಬೇರೆ*

ತಟ್ಟೆಯಲ್ಲಿ ಸಾರ ದಿನಗಟ್ಟಲೆ ಅಲ್ಲಾಡದೆ ಕೂತಿರುತ್ತದೆ. ಹೊಟ್ಟೆಯಲ್ಲಿ ಊಟ, ನೀರು, ಆಮ್ಲದಲ್ಲಿ ಕರಗಿ ಕೆಲವೇ ಗಂಟೆಗಳಲ್ಲಿ ಕರುಳಿಗೆ ಜಾರುತ್ತದೆ. ಎಚ್. ಪೈಲೋರಿಯೋ ಜಠರದ ಗೋಡೆಯ ಲೋಳೆಯ ಒಳಗೆ ಅವಿತು, ಯೂರಿಯೇಸ್ ಎಂಬ ಕಿಣ್ವದಿಂದ ಸುತ್ತಲಿನ ಆಮ್ಲವನ್ನು ತಣಿಸಿಕೊಂಡು ಬದುಕುತ್ತದೆ. ಅಲ್ಲಿಗೆ ಸಾಕಷ್ಟು ಔಷಧ ತಲುಪಬೇಕು. ಬ್ಲೀಚಿಂಗ್ ನೀರೂ ತಟ್ಟೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ; ಹಾಗೆಂದು ಯಾರೂ ಕುಡಿಯುವುದಿಲ್ಲ.

ಬೆಳ್ಳುಳ್ಳಿಯ ಕಥೆ ಕೇಳಿ. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಎಚ್. ಪೈಲೋರಿ ಇದ್ದವರಿಗೆ ಊಟದೊಂದಿಗೆ ಹತ್ತು ಎಸಳು ಹಸಿ ಬೆಳ್ಳುಳ್ಳಿ ಕೊಟ್ಟು ಉಸಿರಿನ ಪರೀಕ್ಷೆ ಮಾಡಿದರು. ಬ್ಯಾಕ್ಟೀರಿಯಾಕ್ಕೆ ಏನೂ ಆಗಲಿಲ್ಲ. ಹಸಿ ಮೆಣಸಿನಕಾಯಿಗೂ ಜಗ್ಗಲಿಲ್ಲ. ಬಿಸ್ಮತ್ ಎಂಬ ಔಷಧಕ್ಕೆ ಮಾತ್ರ ಕುಗ್ಗಿತು.

ಜೇಷ್ಠಮಧುವಿನ ಫಲಿತಾಂಶ ಇದಕ್ಕಿಂತ ಚೆನ್ನಾಗಿದೆ. 2013ರಲ್ಲಿ ಪ್ರಕಟವಾದ, ಸುಮಾರು ನೂರು ಜನರ ಪರೀಕ್ಷೆಯಲ್ಲಿ ಅದರ ವಿಶೇಷ ಸಾರವನ್ನು 60 ದಿನ ತೆಗೆದುಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ಬ್ಯಾಕ್ಟೀರಿಯಾ ಹೋಗಿತ್ತು. ಆದರೆ ಹೋಲಿಸಿದ್ದು ಆಂಟಿಬಯೋಟಿಕ್ ಜೊತೆಗಲ್ಲ, ಔಷಧವಿಲ್ಲದ ಮಾತ್ರೆಯ ಜೊತೆ. ಆ ಸಾರದಲ್ಲಿ ಗ್ಲೈಸಿರೈಜಿನ್ ಎಂಬ ಅಂಶವೂ ತೀರಾ ಕಡಿಮೆ. ಅಂಗಡಿಯ ಪುಡಿಯಲ್ಲಿ ಅದು ಪೂರ್ತಿ ಇರುತ್ತದೆ. ನಮ್ಮ ತಾಯಿಯವರಿಗೆ ತೊಂದರೆ ಕೊಟ್ಟದ್ದು ಅದೇ.

*ಹೃದಯಕ್ಕೆ ಇದರಿಂದ ಏನಾಗುತ್ತದೆ?*

ಗ್ಲೈಸಿರೈಜಿನ್ ಮೂತ್ರಪಿಂಡದಲ್ಲಿ ಒಂದು ಕಿಣ್ವವನ್ನು ತಡೆಯುತ್ತದೆ. ಆಗ ದೇಹ ಉಪ್ಪು, ನೀರನ್ನು ಹಿಡಿದಿಟ್ಟು ಪೊಟ್ಯಾಸಿಯಂ ಅನ್ನು ಹೊರಹಾಕುತ್ತದೆ. ಬಿಪಿ ಏರುತ್ತದೆ, ಕಾಲು ಬಾಯುತ್ತದೆ, ಹೃದಯದ ಬಡಿತ ಹಳಿ ತಪ್ಪಬಹುದು. ಇದು ಹೊಸ ಸಂಗತಿಯಲ್ಲ. 1946ರಲ್ಲೇ ರೆವರ್ಸ್ ಎಂಬ ಡಚ್ ವೈದ್ಯರು ಜೇಷ್ಠಮಧುವಿನ ಸಾರದಿಂದ ಹುಣ್ಣು ಮಾಗುವುದನ್ನು ಬರೆದರು. ಕೆಲವು ರೋಗಿಗಳಿಗೆ ಮೈ ಊದಿಕೊಂಡದ್ದನ್ನೂ ಬರೆದರು. 1960ರ ದಶಕದಲ್ಲಿ ಅದರಿಂದ ತಯಾರಾದ ಕಾರ್ಬೆನಾಕ್ಸಲೋನ್ ಎಂಬ ಹುಣ್ಣಿನ ಔಷಧಕ್ಕೂ ಇದೇ ತೊಂದರೆ ಇತ್ತು.

ಗಂಟಲು ಕೆರೆತಕ್ಕೆ ಒಂದೆರಡು ದಿನ ಒಂದು ಚೂರು ಅಗಿದರೆ ಆರೋಗ್ಯವಂತರು ಹೆದರಬೇಕಾಗಿಲ್ಲ. ಬಿಪಿ, ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು ದಿನನಿತ್ಯ ಸೇವಿಸಬಾರದು. ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು.

*ನೀವು ಮಾಡಬೇಕಾದದ್ದು*

1. ಹೊಟ್ಟೆ ಉರಿ ವಾರಗಟ್ಟಲೆ ಇದ್ದರೆ ಎಚ್. ಪೈಲೋರಿ ಪರೀಕ್ಷೆ ಕೇಳಿ. ಉಸಿರಿನ ಪರೀಕ್ಷೆ ಅಥವಾ ಮಲ ಪರೀಕ್ಷೆ ಸಾಕಾಗಬಹುದು. ಗ್ಯಾಸ್ ಮಾತ್ರೆಯನ್ನು ಎರಡು ವಾರ ಮೊದಲು ನಿಲ್ಲಿಸಬೇಕಾಗುತ್ತದೆ, ಆದರೆ ವೈದ್ಯರನ್ನು ಕೇಳಿಯೇ ನಿಲ್ಲಿಸಿ.

2. ಬ್ಯಾಕ್ಟೀರಿಯಾ ಇದ್ದರೆ ಚಿಕಿತ್ಸೆ ಸಾಮಾನ್ಯವಾಗಿ 14 ದಿನ. ಐದನೇ ದಿನಕ್ಕೆ ಉರಿ ಹೋಯಿತೆಂದು ಬಿಡಬೇಡಿ. ಮುಗಿದ ನಾಲ್ಕು ವಾರದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ.

3. ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಿ. ಕ್ಲಾರಿಥ್ರೊಮೈಸಿನ್ ಜೊತೆ ಕೆಲವು ಸ್ಟಾಟಿನ್‌ಗಳು ಹೊಂದುವುದಿಲ್ಲ.

4. ಸ್ಟೆಂಟ್ ಇದ್ದವರು ಹೊಟ್ಟೆ ಉರಿಗೆ ಹೆದರಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಮುಚ್ಚಿಕೊಳ್ಳಬಹುದು.

5. ಮಲ ಟಾರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಎದೆ ಉರಿಯ ಜೊತೆ ಬೆವರು, ಉಸಿರುಕಟ್ಟು, ಕೈ ಅಥವಾ ದವಡೆಯಲ್ಲಿ ನೋವು ಇದ್ದರೆ ಗ್ಯಾಸ್ ಎಂದು ಕೂರಬೇಡಿ. ಮೊದಲು ಇಸಿಜಿ.

6. ಮನೆಮದ್ದನ್ನೂ ಔಷಧದ ಪಟ್ಟಿಯಲ್ಲಿ ಬರೆದುಕೊಂಡು ಹೋಗಿ. ಪರವೂರಿನ ವೈದ್ಯರಿಗೆ ನಮ್ಮ ಹೆಸರು ತಿಳಿಯದು. ನಮ್ಮ ಜೇಷ್ಠಮಧು ಮೈಸೂರು ಕಡೆ ಅತಿಮಧುರ, ಮುಂಬೈ, ಪುಣೆಯಲ್ಲಿ ಜ್ಯೇಷ್ಠಮಧ, ದೆಹಲಿಯಲ್ಲಿ ಮುಲೇಠಿ, ಹೈದರಾಬಾದಿನಲ್ಲಿ ಅತಿಮಧುರಂ. ಹೆಸರು ಗೊತ್ತಿಲ್ಲದಿದ್ದರೆ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ.

ಆ ತಾಯಿ ಪುಡಿ ನಿಲ್ಲಿಸಿದರು. ನಾನು ಸೇರಿಸಿದ್ದ ಮಾತ್ರೆಯನ್ನೂ ನಿಲ್ಲಿಸಿ, ಪೊಟ್ಯಾಸಿಯಂ ಕೊಟ್ಟೆವು. ಕೆಲವು ವಾರಗಳಲ್ಲಿ ಬಿಪಿ ಇಳಿಯಿತು, ಬಾವು ಹೋಯಿತು. ಪರೀಕ್ಷೆಯಲ್ಲಿ ಎಚ್. ಪೈಲೋರಿ ನಿಜವಾಗಿಯೂ ಇತ್ತು. 14 ದಿನದ ಚಿಕಿತ್ಸೆಯಿಂದ ಹೋಯಿತು. ಅವರ ಹೊಟ್ಟೆ ಉರಿ ಸುಳ್ಳಾಗಿರಲಿಲ್ಲ. ಅದಕ್ಕೆ ಪರೀಕ್ಷೆ ಆಗದೆ ವರ್ಷ ಕಳೆದಿತ್ತು, ಅಷ್ಟೇ.

ಈಗ ನನ್ನ ಪ್ರತಿ ರೋಗಿಗೂ ಒಂದು ಪ್ರಶ್ನೆ ಹೆಚ್ಚಿಗೆ ಕೇಳುತ್ತೇನೆ: "ಅಡುಗೆಮನೆಯಿಂದ ಏನು ತಗೋತೀರಿ?" ನಿಮ್ಮ ವೈದ್ಯರು ಕೇಳದಿದ್ದರೆ ನೀವೇ ಹೇಳಿ. ಊರಿನಿಂದ ಬಂದ ಅಪ್ಪ ಅಮ್ಮ ಮನೆಯಲ್ಲಿದ್ದರೆ ಇಂದು ಸಂಜೆಯೇ ಅವರನ್ನು ಕೇಳಿ ನೋಡಿ. ಅಗತ್ಯ ಇರುವವರಿಗೆ ಇದನ್ನು ಕಳುಹಿಸಿ.