ಮದುವೆಯಾಗಿ ಅಮೆರಿಕಕ್ಕೆ ಹೋದವಳ ತೆರಿಗೆ ಲೆಕ್ಕ

2022ರ ಸೆಪ್ಟೆಂಬರ್‌ನಲ್ಲಿ ಮೂರು ಕಾನೂನುಗಳು ನನ್ನನ್ನು ಮೂರು ರೀತಿಯಲ್ಲಿ ನೋಡುತ್ತಿದ್ದವು. ಭಾರತದ ವಿದೇಶಿ ವಿನಿಮಯ ಕಾಯ್ದೆ, ಅಂದರೆ ಫೆಮಾ, ವಿಮಾನ ಹತ್ತಿದಾಗಿನಿಂದಲೇ ನಾನು ಅನಿವಾಸಿ ಎಂದಿತು. ಭಾರತದ್ದೇ ಆದ ಆದಾಯ ತೆರಿಗೆ ಕಾಯ್ದೆಗೆ ಮುಂದಿನ ಮಾರ್ಚ್ 31ರವರೆಗೂ ನಾನು ನಿವಾಸಿ. ಅಮೆರಿಕದ ತೆರಿಗೆ ಕಾನೂನಿಗೋ, ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಸಂಸಾರ ಹೂಡಿದ್ದರೂ ಆ ವರ್ಷದ ಮಟ್ಟಿಗೆ ನಾನು ಹೊರಗಿನವಳು. ಮೂರೂ ತಮ್ಮ ತಮ್ಮ ಜಾಗದಲ್ಲಿ ಸರಿಯೇ. ಮದುವೆಯಾಗಿ ದೇಶ ಬಿಡುವ ಹೆಣ್ಣುಮಕ್ಕಳಿಗೆ ಇದನ್ನು ಮೊದಲೇ ಕೂರಿಸಿ ಹೇಳುವವರು ಯಾರೂ ಇಲ್ಲ ಎಂಬ ಕಾರಣಕ್ಕೇ ಈ ಅಂಕಣ ಬರೆಯುತ್ತಿದ್ದೇನೆ.

ಮೈಸೂರಿನ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಮೇ ತಿಂಗಳಲ್ಲಿ ಮದುವೆ, ಆಗಸ್ಟ್ ಕೊನೆಗೆ ಪ್ರಯಾಣ. ನಮ್ಮ ಮನೆಯವರದು ಎಚ್-1ಬಿ ವೀಸಾ, ನನ್ನದು ಅವರ ಅವಲಂಬಿತಳಾಗಿ ಪಡೆದ ಎಚ್-4. ಈ ವೀಸಾದ ಮೇಲೆ ಬಂದವರು ತಕ್ಷಣ ಕೆಲಸಕ್ಕೆ ಸೇರುವಂತಿಲ್ಲ. 2015ರ ನಿಯಮದಂತೆ, ಸಾಮಾನ್ಯವಾಗಿ ಸಂಗಾತಿಯ ಗ್ರೀನ್ ಕಾರ್ಡ್ ಹಾದಿಯ ಐ-140 ಅರ್ಜಿ ಮಂಜೂರಾದ ಮೇಲಷ್ಟೇ ಕೆಲಸದ ಪರವಾನಗಿ ಕೇಳಬಹುದು. ಹಾಗಾಗಿ ಅಲ್ಲಿ ನನಗೆ ಒಂದು ಡಾಲರ್ ಸಂಪಾದನೆಯೂ ಇರಲಿಲ್ಲ. ಸಂಪಾದನೆ ಇಲ್ಲದವಳಿಗೆ ತೆರಿಗೆಯ ಗೊಡವೆ ಯಾಕೆ ಎಂದು ಎರಡೂ ಕಡೆಯ ಬಂಧುಗಳು ಕೇಳಿದರು.

ಮೊದಲು ನಮ್ಮ ದೇಶದ ಲೆಕ್ಕ. ಒಂದು ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದರೆ ನಿವಾಸಿ. ಅಷ್ಟು ಇರದಿದ್ದರೂ, ಆ ವರ್ಷ 60 ದಿನ ಮತ್ತು ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೆ ಆಗಲೂ ನಿವಾಸಿಯೇ. ಉದ್ಯೋಗಕ್ಕೆಂದು ಹೊರದೇಶಕ್ಕೆ ಹೊರಡುವ ಭಾರತೀಯ ಪ್ರಜೆಗೆ ಇದರಲ್ಲಿ ರಿಯಾಯಿತಿ ಇದೆ: 60ರ ಜಾಗದಲ್ಲಿ 182 ಎಂದು ಓದಿಕೊಳ್ಳಬೇಕು. ಆಗಸ್ಟ್‌ನಲ್ಲಿ ಕೆಲಸಕ್ಕೆಂದು ಹೊರಟ ಗಂಡಸು ಆ ವರ್ಷವೇ ಅನಿವಾಸಿ. ಅದೇ ವಿಮಾನದಲ್ಲಿ, ಪಕ್ಕದ ಸೀಟಿನಲ್ಲಿ, ಮದುವೆಯಾಗಿ ಹೊರಟವಳು ನಿವಾಸಿ. ಮದುವೆಗಾಗಿ ಊರು ಬಿಡುವುದು ಉದ್ಯೋಗಕ್ಕಾಗಿ ಬಿಟ್ಟಂತೆ ಅಲ್ಲ ಎಂಬುದು ಕಾಯ್ದೆಯ ನಿಲುವು. ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಡುವ ಸಾವಿರಾರು ಹೆಣ್ಣುಮಕ್ಕಳನ್ನು ಈ ನಿಯಮ ನೋಡಿಯೇ ಇಲ್ಲ, ಇದು ಅನ್ಯಾಯ. 1961ರ ಕಾಯ್ದೆಯ ಜಾಗಕ್ಕೆ ಬಂದಿರುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಇದನ್ನು ತಿದ್ದಿಲ್ಲ.

ನಿವಾಸಿಯಾದರೆ ತೊಂದರೆ ಏನು? ಜಗತ್ತಿನ ಯಾವ ಮೂಲೆಯ ಆದಾಯವಾದರೂ ಭಾರತದ ರಿಟರ್ನ್‌ನಲ್ಲಿ ತೋರಿಸಬೇಕು. ನನಗೆ ಅಲ್ಲಿ ಆದಾಯವಿರಲಿಲ್ಲ, ಆ ಭಾಗ ಸುಲಭವಾಯಿತು. ಸಂಗಾತಿಗೂ ಕೆಲಸ ಮಾಡಲು ಬಿಡುವ ಎಲ್-2 ವೀಸಾದ ಮೇಲೆ ಹೋಗಿ ಮರುತಿಂಗಳೇ ಕೆಲಸಕ್ಕೆ ಸೇರುವವರಿಗೆ ಮಾರ್ಚ್‌ವರೆಗಿನ ಡಾಲರ್ ಸಂಬಳವೂ ಇಲ್ಲಿನ ಲೆಕ್ಕಕ್ಕೆ ಬರುತ್ತದೆ. ಅಂಥವರು ಭಾರತ–ಅಮೆರಿಕ ತೆರಿಗೆ ಒಪ್ಪಂದದ ನೆರವು ಪಡೆಯಬೇಕು. ನನಗೆ ಎದುರಾದದ್ದು ಬೇರೆಯದು. ಹೋದ ಮೇಲೆ ನಮ್ಮ ಮನೆಯವರ ಅಮೆರಿಕದ ಬ್ಯಾಂಕ್ ಖಾತೆಗೆ ನನ್ನ ಹೆಸರನ್ನೂ ಸೇರಿಸಿದ್ದೆವು. ಭಾರತದ ನಿವಾಸಿಗೆ ವಿದೇಶದಲ್ಲಿ ಖಾತೆ ಇದ್ದರೆ, ಅದರಲ್ಲಿ ಎಷ್ಟೇ ಕಡಿಮೆ ಹಣವಿರಲಿ, ರಿಟರ್ನ್‌ನ ಶೆಡ್ಯೂಲ್ ಎಫ್ಎಯಲ್ಲಿ ಬರೆಯಬೇಕು. ಬರೆಯದಿದ್ದರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಹಾಕಬಹುದು. 2024ರ ಅಕ್ಟೋಬರ್‌ನಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷದೊಳಗಿದ್ದರೆ ಈ ದಂಡ ಇಲ್ಲ. ಆದರೆ ಬರೆಯುವ ಹೊಣೆ ಹಾಗೆಯೇ ಇದೆ. ನಾನು ಸುಲಭದ ಐಟಿಆರ್-1 ಬಿಟ್ಟು ಐಟಿಆರ್-2 ತುಂಬಿದ್ದು ಈ ಒಂದು ಖಾತೆಯ ಕಾರಣಕ್ಕೆ.

ಇನ್ನು ಅಮೆರಿಕದ ಕಡೆ. ಅಲ್ಲಿ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ಈ ವರ್ಷ ಅಲ್ಲಿ ಕಳೆದ ದಿನಗಳು, ಹೋದ ವರ್ಷದ ದಿನಗಳ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ ಆರನೇ ಒಂದು ಪಾಲು, ಇಷ್ಟನ್ನೂ ಕೂಡಿದಾಗ 183 ಮುಟ್ಟಿದರೆ ತೆರಿಗೆಯ ದೃಷ್ಟಿಯಲ್ಲಿ ನಿವಾಸಿ. ವರ್ಷದ ಕೊನೆಯ ನಾಲ್ಕು ತಿಂಗಳು ಮಾತ್ರ ಅಲ್ಲಿದ್ದ ನಾನು ಆ ಗೆರೆ ದಾಟಲಿಲ್ಲ. ಆದರೆ ಡಿಸೆಂಬರ್ 31ಕ್ಕೆ ಮದುವೆಯಾಗಿದ್ದರೆ ಇಡೀ ವರ್ಷಕ್ಕೂ ವಿವಾಹಿತರು. ನಮ್ಮ ಮನೆಯವರು ಇನ್ನು ಮುಂದೆ ಒಂಟಿ ಎಂದು ರಿಟರ್ನ್ ಸಲ್ಲಿಸುವಂತಿರಲಿಲ್ಲ. ಅವರ ಮುಂದೆ ಎರಡು ದಾರಿ: ವಿವಾಹಿತ ಆದರೆ ಪ್ರತ್ಯೇಕ ರಿಟರ್ನ್, ಇಲ್ಲವೇ ಇಬ್ಬರೂ ಸಹಿ ಹಾಕಿದ ಹೇಳಿಕೆ ಲಗತ್ತಿಸಿ, ನನ್ನನ್ನೂ ಇಡೀ ವರ್ಷ ನಿವಾಸಿ ಎಂದು ಎಣಿಸಲು ಒಪ್ಪಿಕೊಂಡು ಜಂಟಿ ರಿಟರ್ನ್. ಕಾನೂನಿನ ಭಾಷೆಯಲ್ಲಿ ಇದು ಸೆಕ್ಷನ್ 6013(ಜಿ) ಆಯ್ಕೆ. ಒಮ್ಮೆ ಇದನ್ನು ಹಿಂತೆಗೆದುಕೊಂಡರೆ ಇಬ್ಬರಲ್ಲಿ ಯಾರಿಗೂ ಮತ್ತೆ ಸಿಗುವುದಿಲ್ಲ.

ಈ ಆಯ್ಕೆಗೆ ಬೆಲೆಯೂ ಇದೆ, ಲಾಭವೂ ಇದೆ. ಬೆಲೆ ಏನೆಂದರೆ, ಮೈಸೂರಿನಲ್ಲಿ ನಾನು ಜನವರಿಯಿಂದ ದುಡಿದ ಸಂಬಳ, ಬ್ಯಾಂಕ್ ಬಡ್ಡಿ ಎಲ್ಲವೂ ಅಮೆರಿಕದ ರಿಟರ್ನ್‌ಗೆ ಹೋಗಬೇಕು. ಲಾಭ ತಿಳಿಯಲು ದುಂಡು ಸಂಖ್ಯೆಗಳಲ್ಲಿ ಒಂದು ಲೆಕ್ಕ ಹಾಕೋಣ. ಗಂಡನ ಸಂಬಳ 95,000 ಡಾಲರ್ ಎಂದುಕೊಳ್ಳಿ. 2022ರಲ್ಲಿ ಪ್ರತ್ಯೇಕ ರಿಟರ್ನ್‌ಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 12,950 ಡಾಲರ್. ಉಳಿದ 82,050ರ ಮೇಲೆ ಕೇಂದ್ರದ ತೆರಿಗೆ ಸುಮಾರು 13,670 ಡಾಲರ್. ಈಗ ಜಂಟಿ: ಹೆಂಡತಿಯ ಎಂಟು ತಿಂಗಳ ಸಂಬಳ 6 ಲಕ್ಷ ರೂಪಾಯಿ, ಆ ವರ್ಷದ ಸರಾಸರಿ ದರದಲ್ಲಿ ಸುಮಾರು 7,600 ಡಾಲರ್. ಅದನ್ನು ಸೇರಿಸಿ, ಜಂಟಿ ಡಿಡಕ್ಷನ್ 25,900 ಕಳೆದರೆ 76,700 ಉಳಿಯುತ್ತದೆ. ಜಂಟಿ ರಿಟರ್ನ್‌ನಲ್ಲಿ ಶೇಕಡಾ 12ರ ಹಂತ 83,550ರವರೆಗೆ ಚಾಚಿಕೊಂಡಿರುವುದರಿಂದ ತೆರಿಗೆ ಸುಮಾರು 8,790. ಹೆಂಡತಿಯ ಆದಾಯ ಸೇರಿಸಿದ ಮೇಲೂ ಹೆಚ್ಚುಕಡಿಮೆ 4,900 ಡಾಲರ್ ಉಳಿತಾಯ. ಅವಳ ಸಂಬಳದ ಮೇಲೆ ಭಾರತದಲ್ಲಿ ತೆರಿಗೆ ಕಟ್ಟಿದ್ದರೆ ಫಾರ್ಮ್ 1116ರಲ್ಲಿ ಅದಕ್ಕೂ ಕ್ರೆಡಿಟ್ ಕೇಳಬಹುದು. ಮೈಸೂರಿನ ನನ್ನ ದುಡಿಮೆ ಅಮೆರಿಕದ ಲೆಕ್ಕದಲ್ಲಿ ಹೊರೆಯಾಗಲಿಲ್ಲ. ಈ ಉಳಿತಾಯ ಬಂದದ್ದೇ ನನ್ನ ಹೆಸರು, ನನ್ನ ಸಹಿ ಅಲ್ಲಿ ಇದ್ದದ್ದರಿಂದ.

ನಾವು ಮೊದಲು ಹೋದ ಸಲಹೆಗಾರರು ಬೇರೆ ದಾರಿ ತೋರಿಸಿದರು. "ಜಾಯಿಂಟ್ ಫೈಲ್ ಮಾಡಿಬಿಡೋಣ. ಇಂಡಿಯಾ ಸಂಬಳ ತೋರಿಸೋದು ಬೇಡ, ಯಾರಿಗೆ ಗೊತ್ತಾಗುತ್ತೆ?" ಡಿಡಕ್ಷನ್ ಪೂರ್ತಿ ಪಡೆದು ಆದಾಯ ಮುಚ್ಚಿಡುವುದಕ್ಕೆ ಸುಳ್ಳು ರಿಟರ್ನ್ ಎನ್ನುತ್ತಾರೆ. ಎರಡು ದೇಶಗಳ ನಡುವೆ ಖಾತೆಗಳ ಮಾಹಿತಿ ಹಂಚಿಕೊಳ್ಳುವ ಫಾಟ್ಕಾ ಒಪ್ಪಂದಕ್ಕೆ 2015ರ ಜುಲೈನಲ್ಲೇ ಸಹಿ ಬಿದ್ದಿದೆ. ನಾನು ಆಗಲ್ಲ ಎಂದೆ. ನಮ್ಮ ಮನೆಯವರು ನನ್ನ ಮಾತಿಗೆ ಜೊತೆಯಾದರು. ಬೇರೆಯವರನ್ನು ಹುಡುಕಿಕೊಂಡೆವು.

ತಲೆನೋವಾಗಿದ್ದು ಕ್ಯಾಲೆಂಡರ್. ಅಮೆರಿಕದ 2022ರೊಳಗೆ ಭಾರತದ ಎರಡು ಹಣಕಾಸು ವರ್ಷಗಳ ತುಣುಕುಗಳಿವೆ. ಜನವರಿಯಿಂದ ಮಾರ್ಚ್‌ವರೆಗಿನ ಸಂಬಳ ಒಂದು ಫಾರ್ಮ್ 16ರಲ್ಲಿ, ಏಪ್ರಿಲ್‌ನಿಂದಾಚೆಯದು ಇನ್ನೊಂದರಲ್ಲಿ. ಎರಡನೆಯದನ್ನು ಕಂಪನಿ ಕೊಡಬೇಕಾದ ಕೊನೆಯ ದಿನ 2023ರ ಜೂನ್ 15. ಅಮೆರಿಕದ ರಿಟರ್ನ್‌ಗೆ ಗಡುವು ಆ ವರ್ಷ ಏಪ್ರಿಲ್ 18. ಕಾಗದವೇ ಇಲ್ಲದೆ ತುಂಬುವುದು ಹೇಗೆ? ಫಾರ್ಮ್ 4868 ಸಲ್ಲಿಸಿ ಅಕ್ಟೋಬರ್ 16ರವರೆಗೆ ಸಮಯ ತೆಗೆದುಕೊಂಡೆವು. ಸಮಯ ಸಿಗುವುದು ರಿಟರ್ನ್ ಸಲ್ಲಿಸಲು ಮಾತ್ರ. ಕಟ್ಟಬೇಕಾದ ತೆರಿಗೆಯನ್ನು ಅಂದಾಜು ಮಾಡಿ ಏಪ್ರಿಲ್‌ನಲ್ಲೇ ಕಟ್ಟಬೇಕು. ಕೆಲಸ ಬಿಡುವ ಮುನ್ನ ಒಂದೊಂದು ತಿಂಗಳ ಸಂಬಳ ಚೀಟಿಯನ್ನೂ ಸ್ವಂತ ಇ-ಮೇಲ್‌ಗೆ ಕಳಿಸಿಕೊಂಡಿದ್ದೆ. ಕಂಪನಿಯ ಲಾಗಿನ್ ಬಂದ್ ಆದ ಮೇಲೆ ಅವು ಸಿಗುವುದಿಲ್ಲ. ಹೊರಡುವವರು ಸೀರೆ, ಸಾಂಬಾರ್ ಪುಡಿಗಿಂತ ಮೊದಲು ಕಟ್ಟಿಕೊಳ್ಳಬೇಕಾದದ್ದು ಇದು.

ಎಚ್-4ರ ಮೇಲೆ ಇರುವವರಿಗೆ ಕೆಲಸದ ಪರವಾನಗಿ ಇಲ್ಲದೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗುವುದಿಲ್ಲ. ಜಂಟಿ ರಿಟರ್ನ್‌ಗೆ ಅದರ ಬದಲು ಐಟಿಐಎನ್ ಎಂಬ ತೆರಿಗೆದಾರರ ಗುರುತಿನ ಸಂಖ್ಯೆ ಬೇಕು. ಡಬ್ಲ್ಯು-7 ಅರ್ಜಿಯನ್ನು ಕಾಗದದ ರಿಟರ್ನ್ ಜೊತೆಗೇ ಟೆಕ್ಸಾಸ್‌ನ ಆಸ್ಟಿನ್‌ಗೆ ಕಳಿಸಬೇಕು. ಪಾಸ್‌ಪೋರ್ಟ್‌ನ ನೋಟರಿ ಪ್ರತಿ ನಡೆಯುವುದಿಲ್ಲ; ಮೂಲ ಪಾಸ್‌ಪೋರ್ಟ್, ಇಲ್ಲವೇ ಅದನ್ನು ಕೊಟ್ಟ ಕಚೇರಿಯೇ ದೃಢೀಕರಿಸಿದ ಪ್ರತಿ ಬೇಕು. ಪರದೇಶದಲ್ಲಿ ಪಾಸ್‌ಪೋರ್ಟನ್ನು ಅಂಚೆಗೆ ಹಾಕಿ ವಾರಗಟ್ಟಲೆ ಕಾಯುವ ಧೈರ್ಯ ನನಗಿರಲಿಲ್ಲ. ಅದಕ್ಕೆ ಉಪಾಯವಿದೆ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ತೆರಿಗೆದಾರರ ನೆರವು ಕೇಂದ್ರದಲ್ಲಿ ಮೊದಲೇ ಸಮಯ ನಿಗದಿ ಮಾಡಿಕೊಂಡು ಹೋದರೆ, ಅವರು ಪಾಸ್‌ಪೋರ್ಟ್ ಪರಿಶೀಲಿಸಿ ಅಲ್ಲೇ ಹಿಂತಿರುಗಿಸುತ್ತಾರೆ. ಅಧಿಕೃತ ಏಜೆಂಟರೂ ಈ ಕೆಲಸ ಮಾಡಬಲ್ಲರು. ಸಂಖ್ಯೆ ಬರಲು ಸಾಮಾನ್ಯವಾಗಿ ಏಳು ವಾರ. ಜನವರಿ ಮಧ್ಯದಿಂದ ಏಪ್ರಿಲ್ ಕೊನೆಯ ತನಕದ ನೂಕುನುಗ್ಗಲಿನಲ್ಲಿ ಒಂಬತ್ತರಿಂದ ಹನ್ನೊಂದು. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮ ಕಡೆಯವರು ಹೆಸರಿನ ಬಗ್ಗೆಯೂ ಎಚ್ಚರವಿರಬೇಕು. ಪಾಸ್‌ಪೋರ್ಟ್‌ನಲ್ಲಿ ಗಿವನ್ ನೇಮ್ ಕಾಲಂ ಖಾಲಿ ಇದ್ದವರಿಗೆ ವೀಸಾದಲ್ಲಿ ಎಫ್ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಅಚ್ಚಾಗಿ ಬರುತ್ತದೆ. ಆಮೇಲೆ ಬ್ಯಾಂಕು, ತೆರಿಗೆ, ಲೈಸೆನ್ಸ್ ಎಲ್ಲ ಕಡೆ ಅದೇ ಅಂಟಿಕೊಳ್ಳುತ್ತದೆ. ಮದುವೆಗೆ ಮುನ್ನವೇ ಸರಿಪಡಿಸಿಕೊಳ್ಳಿ.

ಮೈಸೂರಿನಲ್ಲಿ ಬಿಟ್ಟು ಬಂದ ಖಾತೆಗಳ ವಿಷಯ ಹೇಳಬೇಕು. ಫೆಮಾ ಪ್ರಕಾರ ನಿವಾಸಿ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಬದಲಿಸಿದ ಕೂಡಲೇ ಬಡ್ಡಿಯ ಮೇಲಿನ ಟಿಡಿಎಸ್ ಶೇಕಡಾ 30 ಮತ್ತು ಸೆಸ್‌ಗೆ ಏರುತ್ತದೆ. ತೆರಿಗೆ ಕಾಯ್ದೆಗೆ ನಾನಿನ್ನೂ ನಿವಾಸಿಯಾಗಿದ್ದ ವರ್ಷದಲ್ಲೇ ಹಾಗೆ ಕಡಿತವಾಯಿತು. ರಿಟರ್ನ್ ಸಲ್ಲಿಸಿದ್ದಕ್ಕೆ ಮಾತ್ರ ಹೆಚ್ಚುವರಿ ಹಣ ಮರಳಿ ಬಂತು. ನಂತರದ ವರ್ಷಗಳಿಗೆ ಐಆರ್‌ಎಸ್‌ನಿಂದ ವಾಸ ದೃಢೀಕರಣ ಪತ್ರ ಪಡೆದು ಬ್ಯಾಂಕಿಗೆ ಕೊಟ್ಟರೆ, ಒಪ್ಪಂದದಂತೆ ಬಡ್ಡಿಯ ಮೇಲೆ ಶೇಕಡಾ 15. ಹಳೆಯ ಪಿಪಿಎಫ್ ಖಾತೆಯನ್ನು ಅವಧಿ ಮುಗಿಯುವ ತನಕ ಮುಂದುವರಿಸಬಹುದು, ವಿಸ್ತರಿಸುವಂತಿಲ್ಲ. ಅದರ ಬಡ್ಡಿಗೆ ಭಾರತದಲ್ಲಿ ಇರುವ ವಿನಾಯಿತಿ ಅಮೆರಿಕದ ಕಾನೂನಿನಲ್ಲಿ ಇಲ್ಲ. ನಾವು ಪ್ರತಿವರ್ಷ ತೋರಿಸುತ್ತೇವೆ. ಎಫ್‌ಡಿ ಬಡ್ಡಿಗೆ ಭಾರತದಲ್ಲಿ ಕಟ್ಟಿದ ತೆರಿಗೆಗೆ ಅಮೆರಿಕದ ಕೇಂದ್ರ ಸರ್ಕಾರ ಕ್ರೆಡಿಟ್ ಕೊಡುತ್ತದೆ, ನ್ಯೂಜೆರ್ಸಿ ರಾಜ್ಯ ಕೊಡುವುದಿಲ್ಲ.

ಮ್ಯೂಚುವಲ್ ಫಂಡ್ ಇರುವವರು ಇನ್ನೂ ಜೋಪಾನ. ಎಡಿಸನ್‌ನಲ್ಲಿ ಪರಿಚಯವಾದ ಧಾರವಾಡದ ಗೆಳತಿಯೊಬ್ಬಳು ಕಾಲೇಜು ಮುಗಿಸಿದಂದಿನಿಂದ ಎಸ್‌ಐಪಿ ಕಟ್ಟುತ್ತಿದ್ದಳು. ಭಾರತದ ಫಂಡುಗಳು ಅಲ್ಲಿ ಪಿಎಫ್‌ಐಸಿ ಎಂಬ ವರ್ಗಕ್ಕೆ ಬೀಳುತ್ತವೆ. ಒಂದೊಂದು ಫಂಡಿಗೂ ಬೇರೆ ಬೇರೆ ಫಾರ್ಮ್ 8621, ತೆರಿಗೆಯೂ ದುಬಾರಿ. ಹೊರಡುವ ಮುಂಚೆ ಮಾರಿಬಿಟ್ಟರೆ ಮುಗಿಯಿತು ಎಂದು ಅವಳಿಗೆ ಯಾರೋ ಹೇಳಿದ್ದರು, ಜುಲೈನಲ್ಲಿ ಮಾರಿದ್ದಳು. ಜಂಟಿ ರಿಟರ್ನ್‌ನ ಆಯ್ಕೆ ಇಡೀ ವರ್ಷಕ್ಕೆ ಅನ್ವಯಿಸುವುದರಿಂದ ಆ ಮಾರಾಟವೂ ಅಮೆರಿಕದ ಲೆಕ್ಕಕ್ಕೆ ಬಂತು. ಮಾರುವುದಾದರೆ ಹೊರಡುವ ಹಿಂದಿನ ವರ್ಷದ ಡಿಸೆಂಬರ್‌ನೊಳಗೆ ಮಾರಬೇಕು.

ಮುಯ್ಯಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಮದುವೆಯ ಸಂದರ್ಭದಲ್ಲಿ ವಧೂವರರಿಗೆ ಬಂದ ಉಡುಗೊರೆಗೆ ಭಾರತದಲ್ಲಿ ತೆರಿಗೆ ಇಲ್ಲ, ಮೊತ್ತಕ್ಕೆ ಮಿತಿಯೂ ಇಲ್ಲ. ಅದನ್ನು ಎಫ್‌ಡಿ ಇಟ್ಟರೆ ಬರುವ ಬಡ್ಡಿಗೆ ಎರಡೂ ಕಡೆ ಲೆಕ್ಕ ಕೊಡಬೇಕು.

ನಮ್ಮ ಮನೆಗಳ ಇನ್ನೊಂದು ಪದ್ಧತಿ, ಅಪ್ಪನ ಎಫ್‌ಡಿಗೆ ಮಗಳ ಹೆಸರನ್ನೂ ಸೇರಿಸಿಡುವುದು. ಅಮೆರಿಕದ ನಿವಾಸಿಯ ವಿದೇಶಿ ಖಾತೆಗಳೆಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ವರದಿ ಕೊಡಬೇಕು. ಜಂಟಿ ಖಾತೆಯಾದರೆ ಪೂರ್ತಿ ಮೊತ್ತ ತೋರಿಸಬೇಕು. ಹಣ ಅಪ್ಪನದು ಎಂಬ ಕಾರಣ ನಡೆಯುವುದಿಲ್ಲ. ಇದು ತೆರಿಗೆಯಲ್ಲ, ಬರೀ ಮಾಹಿತಿ. ಆದರೂ ಕೊಡದಿದ್ದರೆ, ಉದ್ದೇಶವಿಲ್ಲದೆ ತಪ್ಪಿದರೂ, 10,000 ಡಾಲರ್‌ಗೂ ಮಿಕ್ಕಿದ ದಂಡಕ್ಕೆ ಅವಕಾಶವಿದೆ. ಅದು ಖಾತೆಗೊಂದರಂತೆ ಅಲ್ಲ, ವರದಿಗೊಂದರಂತೆ ಎಂದು 2023ರ ಫೆಬ್ರವರಿಯಲ್ಲಿ ಬಿಟ್ನರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಖಜಾನೆ ಇಲಾಖೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ನನ್ನ ಅಪ್ಪನಿಗೆ ಫೋನಿನಲ್ಲಿ ಇದನ್ನು ವಿವರಿಸಿದಾಗ, "ನಿನ್ನ ಹೆಸರಿರೋ ಕಾಗದವೆಲ್ಲ ಪಟ್ಟಿ ಮಾಡಿ ಕಳಿಸ್ತೀನಿ ಕಣಮ್ಮ, ನೀನೇ ಇಟ್ಕೋ" ಎಂದರು. ಪಟ್ಟಿಯಲ್ಲಿ ನನಗೇ ಗೊತ್ತಿರದ ಎರಡು ಠೇವಣಿಗಳಿದ್ದವು.

ಭಾರತದಲ್ಲಿ ಗಂಡ–ಹೆಂಡತಿಗೆ ಜಂಟಿ ರಿಟರ್ನ್ ಎಂಬುದಿಲ್ಲ. ಪ್ಯಾನ್ ಅವರವರದು, ಲೆಕ್ಕ ಅವರವರದು. ಹಾಗಾಗಿ ಜಂಟಿ ರಿಟರ್ನ್‌ನ ಕೆಳಗೆ ಹಾಕುವ ಸಹಿಯ ತೂಕ ನಮ್ಮ ಹುಡುಗಿಯರಿಗೆ ತಿಳಿದಿರುವುದಿಲ್ಲ. ಗಂಡ ಟೇಬಲ್ ಮೇಲೆ ಇಟ್ಟ ಹಾಳೆಗೆ ನಂಬಿಕೆಯಿಂದ ಸಹಿ ಹಾಕುತ್ತಾರೆ. ಆ ಸಹಿಯಿಂದ ಇಡೀ ರಿಟರ್ನ್‌ನ ತೆರಿಗೆ, ಬಡ್ಡಿ, ದಂಡಕ್ಕೆ ಇಬ್ಬರೂ ಪೂರ್ತಿ ಹೊಣೆ, ಸಂಪಾದನೆ ಒಬ್ಬರದೇ ಆಗಿದ್ದರೂ. ಮುಂದೆ ವಿಚ್ಛೇದನವಾದರೂ ಆ ಹೊಣೆ ಬಿಡುವುದಿಲ್ಲ. ಗಂಡ ಮುಚ್ಚಿಟ್ಟ ಆದಾಯ ತನಗೆ ತಿಳಿದಿರಲಿಲ್ಲ ಎಂದು ಫಾರ್ಮ್ 8857ರಲ್ಲಿ ಪರಿಹಾರ ಕೇಳಬಹುದು, ಆದರೆ ಸಾಬೀತು ಮಾಡಬೇಕಾದವಳು ಅವಳೇ. ಒಳ್ಳೆಯ ಸಂಸಾರದಲ್ಲಿ ಇಂಥ ಮಾತೇಕೆ ಎಂದು ನನ್ನ ಅತ್ತೆಯವರೂ ಕೇಳಿದ್ದರು. ನಮ್ಮ ಮನೆಯಲ್ಲಿ ರಿಟರ್ನನ್ನು ಇಬ್ಬರೂ ಕೂತು ಓದಿ ಸಹಿ ಹಾಕುತ್ತೇವೆ. ಇದರಿಂದ ಸಂಸಾರಕ್ಕೆ ಒಳಿತೇ ಆಗಿದೆ.

ಈ ವರ್ಷ ಮದುವೆಯಾಗಿ ಹೊರಡುವವರೇ, ಸಹಿ ಹಾಕುವ ಮುನ್ನ ರಿಟರ್ನ್‌ನ ಎಲ್ಲ ಪುಟಗಳನ್ನೂ ಓದಿ, ಒಂದು ಪ್ರತಿ ನಿಮ್ಮ ಇ-ಮೇಲ್‌ಗೆ ಕಳಿಸಿಕೊಳ್ಳಿ. ಈಗಾಗಲೇ ಓದದೆ ಸಹಿ ಹಾಕಿದ್ದರೂ ಚಿಂತಿಸಬೇಡಿ. ಜಂಟಿ ರಿಟರ್ನ್‌ನ ಟ್ರಾನ್ಸ್‌ಕ್ರಿಪ್ಟ್ ಅನ್ನು ಇಬ್ಬರಲ್ಲಿ ಯಾರು ಬೇಕಾದರೂ ಐಆರ್‌ಎಸ್‌ನಿಂದ ಕೇಳಿ ಪಡೆಯಬಹುದು. ಅದಕ್ಕೆ ಶುಲ್ಕ ಇಲ್ಲ, ಗಂಡನ ಅನುಮತಿಯೂ ಬೇಕಿಲ್ಲ.